ಅಮೆರಿಕದ ಫ್ರಟರ್ನಿಟಿ ಸದಸ್ಯತ್ವ: ಗ್ರೀಕ್ ಅಕ್ಷರ ಬಿಡಿ, ಚಾಪ್ಟರಿನ ಕಾಗದ ನೋಡಿ

ಅಮೆರಿಕದ ಕಾಲೇಜಿಗೆ ಮಕ್ಕಳನ್ನು ಸೇರಿಸಿದ ಮೊದಲ ಸೆಪ್ಟೆಂಬರಿನಲ್ಲೇ ಅನೇಕ ಮನೆಗಳಲ್ಲಿ 'ರಶ್' (ಹೊಸ ಸದಸ್ಯರನ್ನು ಆರಿಸುವ ಸುತ್ತು), 'ಬಿಡ್' (ಸೇರಲು ಬರುವ ಆಹ್ವಾನ) ಎಂಬ ಮಾತುಗಳು ಕೇಳಿಬರುತ್ತವೆ. ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ ಈ ವಿದ್ಯಾರ್ಥಿ ಸಂಘಗಳಲ್ಲಿ ಹುಡುಗರದ್ದು ಫ್ರಟರ್ನಿಟಿ, ಹುಡುಗಿಯರದ್ದು ಸೊರಾರಿಟಿ. ಒಳಗಿರುವವರಿಗೆ ಅದು ಬದುಕಿನುದ್ದದ ಬಂಧುತ್ವ, ಹೊರಗಿನವರಿಗೆ ಕುಡುಕರ ಕೂಟ. ಎರಡನ್ನೂ ಪಕ್ಕಕ್ಕಿಟ್ಟು ನೋಡಿದರೆ ಸೆಮಿಸ್ಟರಿಗೊಮ್ಮೆ ಬಿಲ್ ಬರುತ್ತದೆ, ಕರಾರಿಗೆ ಸಹಿ ಹಾಕಬೇಕು, ತಡವಾದರೆ ದಂಡ ಬೀಳುತ್ತದೆ. ದುಡ್ಡು ಕೊಟ್ಟು ಪಡೆಯುವ ಸೇವೆ ಎಂದಮೇಲೆ ಅದನ್ನು ಹಾಗೆಯೇ ಅಳೆಯೋಣ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ: ಇಡೀ ಸಂಘಕ್ಕೆ ಅಂಕ ಕೊಡಲು ಬರುವುದಿಲ್ಲ. ಅಂಕ ಕೊಡಬೇಕಾದದ್ದು ಆ ಕ್ಯಾಂಪಸ್ಸಿನ ಚಾಪ್ಟರಿಗೆ, ಅಂದರೆ ಸ್ಥಳೀಯ ಘಟಕಕ್ಕೆ, ಅದೂ ಈ ವರ್ಷದ ಪದಾಧಿಕಾರಿಗಳ ಕೈಯಲ್ಲಿರುವ ಚಾಪ್ಟರಿಗೆ. ಊರೂರಲ್ಲಿ 'ಉಡುಪಿ ಹೋಟೆಲ್' ಬೋರ್ಡು ಇರುತ್ತದೆ; ಬೋರ್ಡು ಓದಿ ಸಾಂಬಾರಿನ ರುಚಿ ಹೇಳುವವರು ಯಾರೂ ಇಲ್ಲ. ಒಂದು ವಿಶ್ವವಿದ್ಯಾಲಯದಲ್ಲಿ ಓದು, ಶಿಸ್ತು ಎರಡರಲ್ಲೂ ಮುಂದಿರುವ ಅಕ್ಷರಗಳನ್ನೇ ಇನ್ನೊಂದು ಊರಿನಲ್ಲಿ ಕ್ಯಾಂಪಸ್ಸಿನಿಂದ ಹೊರಗಟ್ಟಿರುತ್ತಾರೆ. ರಾಷ್ಟ್ರೀಯ ಕಚೇರಿಯ ವೆಬ್‌ಸೈಟಿನಲ್ಲಿ ಕಾಣುವ ನಗುಮುಖಗಳಿಗೂ ನಿಮ್ಮ ಮಗ ಮಲಗಲಿರುವ ಕೋಣೆಗೂ ಸಂಬಂಧ ತೀರಾ ಕಡಿಮೆ.

ಇದರ ಹಿಂದೆ ಮೂರು ಪದರ ಇದೆ. ಮೇಲೆ ರಾಷ್ಟ್ರೀಯ ಸಂಘಟನೆ: ಹೆಸರು, ವಿಧಿವಿಧಾನ, ವಿಮೆ, ನಿಯಮ ಅದರದ್ದು. ಕೆಳಗೆ ಚಾಪ್ಟರ್: ಹತ್ತೊಂಬತ್ತು, ಇಪ್ಪತ್ತರ ವಯಸ್ಸಿನವರು ನಡೆಸುವ ಸ್ಥಳೀಯ ಘಟಕ. ಪಕ್ಕದಲ್ಲಿ ಹೌಸ್ ಕಾರ್ಪೊರೇಷನ್: ಕಟ್ಟಡ ಇದ್ದರೆ ಅದರ ಒಡೆತನ ಸಾಮಾನ್ಯವಾಗಿ ಹಳೆಯ ವಿದ್ಯಾರ್ಥಿಗಳ ಈ ಬೇರೆ ಸಂಸ್ಥೆಯದ್ದು. ಬಿಲ್ಲಿನ ದುಡ್ಡು ಮೂವರಿಗೂ ಹಂಚಿಹೋಗುತ್ತದೆ. ಏನಾದರೂ ಎಡವಟ್ಟಾದಾಗ ಮಾತ್ರ ಮೂವರೂ ಒಬ್ಬರತ್ತ ಒಬ್ಬರು ಕೈ ತೋರಿಸುತ್ತಾರೆ. ವಿಶ್ವವಿದ್ಯಾಲಯ ನಾಲ್ಕನೆಯದು. ಅದು ಮಾನ್ಯತೆ ಕೊಡುತ್ತದೆ, ಕಿತ್ತುಕೊಳ್ಳುತ್ತದೆ. ಮನೆ ಅದರದ್ದಲ್ಲದಿದ್ದರೆ ಬಾಗಿಲು ಹಾಕಿಸುವ ಅಧಿಕಾರ ಅದಕ್ಕಿಲ್ಲ.

ಇತಿಹಾಸ ಎರಡೇ ಮಾತಿನಲ್ಲಿ ಮುಗಿಸಬಹುದು. 1776ರಲ್ಲಿ ವರ್ಜೀನಿಯಾದ ವಿಲಿಯಂ ಆಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾ ಮುಂದೆ ಪ್ರತಿಭಾವಂತರ ಗೌರವ ಸಂಘವಾಯಿತು. ಇವತ್ತಿನ ಸಾಮಾಜಿಕ ಫ್ರಟರ್ನಿಟಿಯ ಬೇರು 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಶುರುವಾದ ಕಪ್ಪಾ ಆಲ್ಫಾ ಸೊಸೈಟಿಯಲ್ಲಿದೆ. ಕರಿಯ ವಿದ್ಯಾರ್ಥಿಗಳನ್ನು ಈ ಸಂಘಗಳು ದೂರವಿಟ್ಟ ಕಾಲದಲ್ಲಿ, 1906ರಲ್ಲಿ, ಕಾರ್ನೆಲ್‌ನಲ್ಲಿ ಆಲ್ಫಾ ಫೈ ಆಲ್ಫಾ ಹುಟ್ಟಿತು. ಮಾರ್ಟಿನ್ ಲೂಥರ್ ಕಿಂಗ್ ಅದರ ಸದಸ್ಯರಾಗಿದ್ದರು. 1908ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದಲ್ಲಿ ಶುರುವಾದ ಆಲ್ಫಾ ಕಪ್ಪಾ ಆಲ್ಫಾ ಸೊರಾರಿಟಿಗೆ ಕಮಲಾ ಹ್ಯಾರಿಸ್ ಸೇರಿದ್ದೂ ಅಲ್ಲಿಯೇ ಓದುವಾಗ.

ನಮ್ಮವರಿಗೆ ಮುಖ್ಯವಾದ ಒಂದು ಮಾತು: ಸಾಮಾಜಿಕ ಫ್ರಟರ್ನಿಟಿಗಳು ಪದವಿ ಓದುವ ಹುಡುಗರಿಗಾಗಿ ಇರುವಂಥವು. ಎಂ.ಎಸ್. ಮಾಡಲು ಬೆಂಗಳೂರಿನಿಂದಲೋ ಹುಬ್ಬಳ್ಳಿಯಿಂದಲೋ ಹೋದವರಿಗೆ ಇವುಗಳ ಬಾಗಿಲು ಹೆಚ್ಚುಕಡಿಮೆ ಮುಚ್ಚಿದಂತೆಯೇ. ಅವರಿಗೆ ಬರುವ ಆಹ್ವಾನಗಳು ಬೇರೆ ಜಾತಿಯವು, ಅದಕ್ಕೆ ಆಮೇಲೆ ಬರೋಣ. ಇಲ್ಲಿ ಹೇಳುತ್ತಿರುವುದು ಡಲ್ಲಾಸ್, ನ್ಯೂಜೆರ್ಸಿ, ಬೇ ಏರಿಯಾದ ಕನ್ನಡ ಮನೆಗಳಲ್ಲಿ ಬೆಳೆದ ಮಕ್ಕಳಿಗೆ ಮತ್ತು ಪಿ.ಯು.ಸಿ. ಮುಗಿಸಿ ನೇರವಾಗಿ ಅಲ್ಲಿನ ಪದವಿಗೆ ಸೇರುವವರಿಗೆ.

ಬಿಲ್ಲಿನಲ್ಲಿ ಏನೇನಿರುತ್ತದೆ

ರಶ್ ಸಮಯದಲ್ಲಿ ಬಾಯಿಮಾತಿನಲ್ಲಿ ಹೇಳುವ ಅಂಕಿ 'ಡ್ಯೂಸ್', ಅಂದರೆ ಸದಸ್ಯತ್ವದ ಚಂದಾ ಮಾತ್ರ. ಅದು ಪೂರ್ತಿ ಬೆಲೆ ಅಲ್ಲ. ಮನೆಯಿಲ್ಲದ ಸಣ್ಣ ಚಾಪ್ಟರಿನಲ್ಲಿ ಸೆಮಿಸ್ಟರಿಗೆ ಕೆಲವು ನೂರು ಡಾಲರಿಗೆ ಮುಗಿಯಬಹುದು. ದೊಡ್ಡ ಮನೆಯಿರುವ ಕಡೆ ಸಾವಿರ ದಾಟುವುದು ಮಾಮೂಲು. ಅಲಬಾಮಾ ವಿಶ್ವವಿದ್ಯಾಲಯದಂಥ ದಕ್ಷಿಣದ ದೊಡ್ಡ ಕ್ಯಾಂಪಸ್ಸುಗಳ ಸೊರಾರಿಟಿಗಳಲ್ಲಿ ಮನೆಯಲ್ಲಿ ವಾಸ ಮಾಡದ ಸದಸ್ಯೆಗೂ ಊಟದ ಯೋಜನೆ ಸೇರಿ ಸೆಮಿಸ್ಟರಿಗೆ 4 ಸಾವಿರ ಡಾಲರಿನ ಆಸುಪಾಸು ಬೀಳುತ್ತದೆ.

ಮೊದಲ ಸೆಮಿಸ್ಟರಿನ ಬಿಲ್ ಯಾವಾಗಲೂ ಭಾರ. ಹೊಸ ಸದಸ್ಯತ್ವದ ಶುಲ್ಕ, ದೀಕ್ಷೆಯ ಶುಲ್ಕ, ಬ್ಯಾಡ್ಜು ಒಮ್ಮೆ ಕೊಡುವಂಥವು. ಇವುಗಳಲ್ಲಿ ದೊಡ್ಡ ಪಾಲು ರಾಷ್ಟ್ರೀಯ ಕಚೇರಿಗೆ ಹೋಗುತ್ತದೆ, ಮಧ್ಯದಲ್ಲಿ ಬಿಟ್ಟರೂ ವಾಪಸ್ ಬರುವುದಿಲ್ಲ. ತಲೆಗೆ ಇಷ್ಟು ಎಂದು ವಿಮೆಯ ಕಂತು ಬೇರೆ. ಮನೆಯಲ್ಲಿ ಇರದವರಿಗೂ ಕಟ್ಟಡದ ಪಾಲು ಇದೆ, ಸೊರಾರಿಟಿಗಳಲ್ಲಿ ಅದನ್ನು ಪಾರ್ಲರ್ ಫೀ ಎನ್ನುತ್ತಾರೆ. ಇದರ ಮೇಲೆ ಪಾರ್ಟಿ-ಪ್ರವಾಸಗಳ ಸೋಷಿಯಲ್ ಫೀ, ವರ್ಷದ ಗುಂಪು ಫೋಟೋ, ಕಾರ್ಯಕ್ರಮಕ್ಕೊಂದು ಟೀ ಶರ್ಟು, ಕಡ್ಡಾಯ ಸಭೆ ತಪ್ಪಿಸಿದರೆ ದಂಡ. ಕೆಲವು ಕಡೆ ದಾನಕಾರ್ಯಕ್ಕೆ ಪ್ರತಿಯೊಬ್ಬರೂ ಇಂತಿಷ್ಟು ಸಂಗ್ರಹಿಸಲೇಬೇಕು. ಕಡಿಮೆ ಬಿದ್ದದ್ದನ್ನು ಕೈಯಿಂದ ತುಂಬಬೇಕು. ಫಾರ್ಮಲ್ ಎಂಬ ವಾರ್ಷಿಕ ನೃತ್ಯಕೂಟಕ್ಕೆ ಬೇಕಾದ ಬಟ್ಟೆ, ಹೋಟೆಲ್ ಕೋಣೆ ಯಾವ ಪಟ್ಟಿಯಲ್ಲೂ ಇರುವುದಿಲ್ಲ.

ಕೇಳಬೇಕಾದದ್ದು ಹೀಗೆ: ಕಳೆದ ವರ್ಷ ಮೊದಲ ಸಲ ಸೇರಿದ ಒಬ್ಬ ಸದಸ್ಯ ಆಗಸ್ಟಿನಿಂದ ಮೇವರೆಗೆ ಒಟ್ಟು ಎಷ್ಟು ಕಟ್ಟಿದ? ಕೇಳಿದರೆ ಖಜಾಂಚಿ ಒಂದು ಹಾಳೆ ಕಳುಹಿಸಬೇಕು. 'ಅದು ಬದಲಾಗುತ್ತಾ ಇರುತ್ತೆ' ಎಂದು ಹಾರಿಕೆಯ ಉತ್ತರ ಬಂದರೆ ಆ ಚಾಪ್ಟರಿನಲ್ಲಿ ಲೆಕ್ಕ ಸರಿಯಿಲ್ಲ ಎಂದೇ ಅರ್ಥ. ಕಂತಿನಲ್ಲಿ ಕಟ್ಟಲು ಬಹುತೇಕ ಕಡೆ ಅವಕಾಶ ಇದೆ, ಕೇಳದಿದ್ದರೆ ಹೇಳುವುದಿಲ್ಲ. ಒಮೆಗಾಫೈನಂಥ ಬಿಲ್ಲಿಂಗ್ ಜಾಲತಾಣಗಳ ಮೂಲಕ ಕಟ್ಟುವಾಗ ಕಾರ್ಡಿಗೆ ಹೆಚ್ಚುವರಿ ಶುಲ್ಕ ಇದೆಯೇ ಎಂದು ನೋಡಿ, ಬ್ಯಾಂಕ್ ಖಾತೆಯಿಂದ ಕಟ್ಟುವುದು ವಾಸಿ. ಬಾಕಿ ಉಳಿಸಿಕೊಂಡರೆ ಅದು ವಸೂಲಿ ಏಜೆನ್ಸಿಗೆ ಹೋಗುತ್ತದೆ. ಅಮೆರಿಕಕ್ಕೆ ಬಂದು ಆರು ತಿಂಗಳಾಗಿರುವ, ಈಗಷ್ಟೇ ಕ್ರೆಡಿಟ್ ಸ್ಕೋರ್ ಕಟ್ಟಿಕೊಳ್ಳುತ್ತಿರುವ ಹುಡುಗನಿಗೆ ಇದಕ್ಕಿಂತ ಕೆಟ್ಟ ಆರಂಭ ಬೇಡ. ದಾನ ಸಂಗ್ರಹಿಸುವ ಸಂಘ ಎಂದ ಮಾತ್ರಕ್ಕೆ ಡ್ಯೂಸಿಗೆ ತೆರಿಗೆ ವಿನಾಯಿತಿಯೂ ಇಲ್ಲ. ಕಾನೂನಿನ ಕಣ್ಣಿನಲ್ಲಿ ಚಾಪ್ಟರ್ ಒಂದು ಸಾಮಾಜಿಕ ಕ್ಲಬ್ಬು.

ಮನೆ ಮತ್ತು ಊಟ

ಬಾಡಿಗೆಯ ಲೆಕ್ಕ ಊರಿಂದೂರಿಗೆ ತಲೆಕೆಳಗಾಗುತ್ತದೆ. ಬಾಸ್ಟನ್‌ನಂಥ ದುಬಾರಿ ನಗರದಲ್ಲಿ ಎಂ.ಐ.ಟಿ.ಯ ಫ್ರಟರ್ನಿಟಿ ಮನೆ ಹಾಸ್ಟೆಲಿಗಿಂತ ಅಗ್ಗವಾಗುವುದುಂಟು. ಆದರೆ ಅಲ್ಲಿ ಮೊದಲ ವರ್ಷದವರು ಕ್ಯಾಂಪಸ್ಸಿನಲ್ಲೇ ಇರಬೇಕು. 1997ರಲ್ಲಿ ಹೊಸ ವಿದ್ಯಾರ್ಥಿಯೊಬ್ಬ ಫ್ರಟರ್ನಿಟಿಯಲ್ಲಿ ಕುಡಿದು ಸತ್ತ ಮೇಲೆ ಮಾಡಿದ ಈ ನಿಯಮ 2002ರಿಂದ ಜಾರಿಯಲ್ಲಿದೆ. ಸಣ್ಣ ಊರಿನ ರಾಜ್ಯ ವಿಶ್ವವಿದ್ಯಾಲಯಗಳಲ್ಲಿ ಹೊರಗೆ ಅಪಾರ್ಟ್‌ಮೆಂಟ್ ಹಂಚಿಕೊಂಡರೆ ಇನ್ನೂ ಕಡಿಮೆಗೆ ಸಿಗುತ್ತದೆ.

ಸಹಿ ಹಾಕುವ ಮುಂಚೆ ಎರಡು ಸಾಲು ಹುಡುಕಬೇಕು. ಒಂದು, ಮನೆಯಲ್ಲಿ ವಾಸ ಕಡ್ಡಾಯವೇ ಎಂಬುದು. ಎರಡನೆಯ ವರ್ಷ ಹಾಸಿಗೆಗಳು ಖಾಲಿ ಉಳಿದರೆ ಸದಸ್ಯರನ್ನು ಎಳೆದು ತುಂಬಿಸುವ ಹಕ್ಕನ್ನು ಚಾಪ್ಟರ್ ಇಟ್ಟುಕೊಂಡಿರುತ್ತದೆ, ಅಷ್ಟು ಹೊತ್ತಿಗೆ ಹುಡುಗ ಹೊರಗೆ ಇನ್ನೊಂದು ಬಾಡಿಗೆ ಕರಾರಿಗೆ ಸಹಿ ಹಾಕಿರುತ್ತಾನೆ. ಎರಡು ಬಾಡಿಗೆ ಕಟ್ಟಿದವರು ಬಹಳ ಜನ ಇದ್ದಾರೆ. ಇನ್ನೊಂದು, ಜಾಮೀನುದಾರರ ಕಲಮು. ಅಮೆರಿಕದಲ್ಲಿ ಆದಾಯ ಇರುವವರೇ ಜಾಮೀನು ನಿಲ್ಲಬೇಕೆಂದಿದ್ದರೆ ಭಾರತದಲ್ಲಿರುವ ತಂದೆತಾಯಿಯ ಸಹಿ ನಡೆಯುವುದಿಲ್ಲ. ಮುಂಗಡ ಹೆಚ್ಚು ಕೇಳುತ್ತಾರೆ.

ಕಟ್ಟಡವನ್ನೇ ನೋಡುವುದಾದರೆ ಮೊದಲು ತಲೆ ಎತ್ತಿ ಸ್ಪ್ರಿಂಕ್ಲರ್ ಇದೆಯೇ ನೋಡಿ. 1996ರ ಮೇ ತಿಂಗಳಲ್ಲಿ, ಘಟಿಕೋತ್ಸವದ ದಿನ, ನಾರ್ತ್ ಕರೊಲೈನಾದ ಚಾಪೆಲ್ ಹಿಲ್‌ನಲ್ಲಿ ಫ್ರಟರ್ನಿಟಿ ಮನೆಗೆ ಬೆಂಕಿ ಬಿದ್ದು ಐವರು ವಿದ್ಯಾರ್ಥಿಗಳು ಸತ್ತರು. ಆಮೇಲೆ ಆ ಊರು ಇಂಥ ಮನೆಗಳಿಗೆಲ್ಲ ಸ್ಪ್ರಿಂಕ್ಲರ್ ಕಡ್ಡಾಯ ಮಾಡಿತು. ಎಲ್ಲ ಊರುಗಳೂ ಮಾಡಿಲ್ಲ. ನೂರು ವರ್ಷದ ಮರದ ಮಹಡಿ ಮನೆ ನೋಡಲು ಚೆಂದ, ಮೂರನೇ ಮಹಡಿಯ ಕಿಟಕಿಯಾಚೆ ಕಬ್ಬಿಣದ ಮೆಟ್ಟಿಲು ಇಲ್ಲದಿದ್ದರೆ ಅಲ್ಲಿ ಕೋಣೆ ಬೇಡ.

ಅಡುಗೆಯವರಿರುವ ಮನೆಗಳಲ್ಲಿ ಸಾಮಾನ್ಯವಾಗಿ ಸೋಮವಾರದಿಂದ ಶುಕ್ರವಾರದವರೆಗೆ ಊಟ. ಶನಿವಾರ, ಭಾನುವಾರ ನಿಮ್ಮ ಪಾಡು ನಿಮಗೆ. ಸಸ್ಯಾಹಾರಿಗೆ ಸಾಲಡ್, ಪಾಸ್ತಾ, ಚೀಸ್ ಪಿಜ್ಜಾ ಎಂಬ ಮೂರು ಗ್ರಹಗಳ ಸುತ್ತಲೇ ವಾರ ತಿರುಗುತ್ತದೆ. ತಿನ್ನದಿದ್ದರೂ ಊಟದ ದುಡ್ಡು ವಾಪಸ್ ಇಲ್ಲ. ಲ್ಯಾಬಿನಿಂದ ತಡವಾಗಿ ಬರುವವರಿಗೆ ಹೆಸರು ಬರೆದಿಟ್ಟರೆ ತಟ್ಟೆ ಎತ್ತಿಡುತ್ತಾರೆ, 'ಲೇಟ್ ಪ್ಲೇಟ್' ಎಂದರೆ ಅದೇ. ಕೋಣೆಯಲ್ಲಿ ರೈಸ್ ಕುಕ್ಕರ್ ಇಡಲು ಬಹುತೇಕ ಮನೆಗಳು ಬಿಡುವುದಿಲ್ಲ. ಸಾಸಿವೆ ಸಿಡಿಸಿ ಒಗ್ಗರಣೆ ಹಾಕಿದರಂತೂ ಅಲಾರಂ ಕೂಗಿ ಇಡೀ ಮನೆ ಬೀದಿಗೆ ಬರುತ್ತದೆ. ವಾರದ ಮೆನು ಕೇಳಿ ತರಿಸಿಕೊಳ್ಳಿ, ಅದರಲ್ಲಿ ಬೇಳೆ ಕಾಳು ಎಷ್ಟು ದಿನ ಇದೆ ಎಂದು ಎಣಿಸಿ.

ಸೇರುವ ಕ್ರಮ, ಸಿಕ್ಕಿಕೊಳ್ಳುವ ಜಾಗ

ಹುಡುಗರ ಕಡೆ ಕ್ರಮ ಸಡಿಲ. ವಿಶ್ವವಿದ್ಯಾಲಯದ ಫ್ರಟರ್ನಿಟಿ-ಸೊರಾರಿಟಿ ಕಚೇರಿಯಲ್ಲಿ ನೋಂದಾಯಿಸಿ, ಒಂದೆರಡು ವಾರ ಮನೆಮನೆ ತಿರುಗಿ, ಅವರಿಗೆ ಹಿಡಿಸಿದರೆ 'ಬಿಡ್' ಎಂಬ ಆಹ್ವಾನ ಬರುತ್ತದೆ. ಒಪ್ಪಿದರೆ ಆರರಿಂದ ಎಂಟು ವಾರ ಹೊಸ ಸದಸ್ಯ, ಹಳೆಯ ಮಾತಿನಲ್ಲಿ ಪ್ಲೆಡ್ಜ್, ಕೊನೆಗೆ ದೀಕ್ಷೆ. ಕಾರ್ನೆಲ್‌ನಂಥ ಕಡೆ ಮೊದಲ ಸೆಮಿಸ್ಟರಿನಲ್ಲಿ ಸೇರುವಂತಿಲ್ಲ, ವಸಂತದವರೆಗೆ ಕಾಯಬೇಕು. ಈ ಕಾಯಿಸುವ ಪದ್ಧತಿ ಒಳ್ಳೆಯದು, ಹುಡುಗ ಕ್ಲಾಸಿನಲ್ಲಿ ಒಂದಿಷ್ಟು ಬೇರು ಬಿಟ್ಟಿರುತ್ತಾನೆ.

ಹುಡುಗಿಯರ ಕಡೆ ನ್ಯಾಷನಲ್ ಪ್ಯಾನ್‌ಹೆಲೆನಿಕ್ ಕಾನ್ಫರೆನ್ಸ್ ಎಂಬ ಒಕ್ಕೂಟದ ಸೊರಾರಿಟಿಗಳಿಗೆ ಒಂದೇ ಬಿಗಿಯಾದ ವ್ಯವಸ್ಥೆ. ದಿನಕ್ಕೆ ಹಲವು ಮನೆಗಳ ಸುತ್ತು, ಪ್ರತಿ ಸುತ್ತಿನ ನಂತರ ಎರಡೂ ಕಡೆಯವರಿಂದ ಪಟ್ಟಿ, ಕಂಪ್ಯೂಟರ್ ಹೊಂದಿಕೆ, ಕೊನೆಗೆ 'ಪ್ರಿಫರೆನ್ಸ್' ಸುತ್ತು. ಆ ಸುತ್ತು ಮುಗಿದ ಕೂಡಲೇ, ತನಗೆ ಬೇಕಾದ ಸೊರಾರಿಟಿಗಳ ಪಟ್ಟಿ ಬರೆಯಿಸಿ ಒಂದು ಕರಾರಿಗೆ ಸಹಿ ಹಾಕಿಸುತ್ತಾರೆ. ದಣಿದ ಹುಡುಗಿಯರು ಓದದೇ ಸಹಿ ಹಾಕುವುದು ಇಲ್ಲಿಯೇ. ಆ ಪಟ್ಟಿಯಲ್ಲಿ ಬರೆದ ಯಾವುದಾದರೂ ಸೊರಾರಿಟಿ ಸಿಕ್ಕಿ, ಅದನ್ನು ಬೇಡ ಎಂದರೆ ಅದೇ ಕ್ಯಾಂಪಸ್ಸಿನಲ್ಲಿ ಬೇರೆ ಯಾವ ಪ್ಯಾನ್‌ಹೆಲೆನಿಕ್ ಸೊರಾರಿಟಿಗೂ ಮುಂದಿನ ವರ್ಷದ ಮುಖ್ಯ ಸುತ್ತಿನವರೆಗೆ ಸೇರುವಂತಿಲ್ಲ. ಆದ್ದರಿಂದ ನಿಜಕ್ಕೂ ಸೇರಲು ಮನಸ್ಸಿರುವ ಹೆಸರುಗಳನ್ನಷ್ಟೇ ಬರೆಯಬೇಕು. ಒಂದೇ ಹೆಸರು ಬರೆಯಲೂ ಬಹುದು, ಆಗ ಕೈಖಾಲಿ ಉಳಿಯುವ ಅಪಾಯ ಹೆಚ್ಚು. ಖಾಲಿ ಉಳಿದವರಿಗೆ ಆಮೇಲೆ ಜಾಗ ಇರುವ ಚಾಪ್ಟರುಗಳು ನೇರವಾಗಿ ಆಹ್ವಾನ ಕೊಡುವ ಅವಕಾಶ ಇದ್ದೇ ಇದೆ. ಅದರಲ್ಲಿ ನಾಟಕ ಕಡಿಮೆ, ಮಾತುಕತೆ ಹೆಚ್ಚು. ನಮ್ಮ ದೃಷ್ಟಿಯಲ್ಲಿ ಅದೇ ಮೇಲು.

ದೀಕ್ಷೆ ಆಗುವ ತನಕ ಎದ್ದು ಬರಬಹುದು. ದೀಕ್ಷೆ ಆದ ಮೇಲೆ ಸದಸ್ಯತ್ವ ಜೀವಮಾನದ್ದು. ಅದೇ ಒಕ್ಕೂಟದ ಇನ್ನೊಂದು ಸಂಘಕ್ಕೆ ಬದಲಾಯಿಸಲು ಬರುವುದಿಲ್ಲ. ಗೌರವ ಸಂಘ, ವೃತ್ತಿ ಸಂಘಗಳಿಗೆ ಈ ತಡೆ ಇಲ್ಲ.

ಬಿಡ್ ಒಪ್ಪುವ ಮುಂಚೆ ಕುಳಿತಲ್ಲೇ ನೋಡಬಹುದಾದ ಒಂದು ಕಾಗದ ಇದೆ, ಬಹಳ ಜನರಿಗೆ ಗೊತ್ತಿಲ್ಲ. ಅನೇಕ ವಿಶ್ವವಿದ್ಯಾಲಯಗಳು ಸೆಮಿಸ್ಟರ್ ಮುಗಿದ ಮೇಲೆ ಚಾಪ್ಟರ್‌ವಾರು ಸರಾಸರಿ ಜಿ.ಪಿ.ಎ. (ನಾಲ್ಕಕ್ಕೆ ಲೆಕ್ಕ ಹಾಕುವ ಓದಿನ ಅಂಕ) ಪ್ರಕಟಿಸುತ್ತವೆ. ಅದರಲ್ಲಿ ಚಾಪ್ಟರಿನ ಒಟ್ಟು ಸರಾಸರಿ ನೋಡಿ ಸಮಾಧಾನ ಪಡಬೇಡಿ, ಹೊಸ ಸದಸ್ಯರ ಸರಾಸರಿ ಎಂಬ ಪ್ರತ್ಯೇಕ ಕಾಲಮ್ ಹುಡುಕಿ. ಹಳಬರದ್ದು 3.3, ಹೊಸಬರದ್ದು 2.7 ಎಂದಿದ್ದರೆ ಆ ಎಂಟು ವಾರ ಹುಡುಗರನ್ನು ರಾತ್ರಿಯೆಲ್ಲ ಎಬ್ಬಿಸಿಟ್ಟಿದ್ದಾರೆಂಬ ಅನುಮಾನ ಸಹಜ. ಜೊತೆಗೆ ಇನ್ನೊಂದು ಲೆಕ್ಕ: ಎಷ್ಟು ಜನ ಬಿಡ್ ಒಪ್ಪಿದರು, ಎಷ್ಟು ಜನರಿಗೆ ದೀಕ್ಷೆ ಆಯಿತು. ಮೂವತ್ತರಲ್ಲಿ ಹನ್ನೆರಡು ಜನ ಮಧ್ಯದಲ್ಲೇ ಬಿಟ್ಟುಹೋಗಿದ್ದರೆ, ಬಿಟ್ಟವರಲ್ಲಿ ಒಬ್ಬನನ್ನು ಹುಡುಕಿ ಮಾತನಾಡಿಸಿ. ಇದ್ದವರು ಹೇಳುವುದಕ್ಕಿಂತ ಅವನು ಹೇಳುವುದು ಉಪಯೋಗಕ್ಕೆ ಬರುತ್ತದೆ.

ಹೇಜಿಂಗ್

ಕರ್ನಾಟಕದವರಿಗೆ ರ‍್ಯಾಗಿಂಗ್ ಗೊತ್ತು. 2009ರ ಯು.ಜಿ.ಸಿ. ನಿಯಮಗಳ ನಂತರ ಪ್ರತಿ ವರ್ಷ ಪ್ರಮಾಣಪತ್ರ ಬರೆದುಕೊಟ್ಟು ಕಾಲೇಜು ಸೇರಿದವರೇ ಎಲ್ಲರೂ. ಹೇಜಿಂಗ್ ಅದರ ದಾಯಾದಿ, ಆದರೆ ನಡೆಯುವ ರೀತಿ ಬೇರೆ. ರ‍್ಯಾಗಿಂಗ್ ಹೊಸದಾಗಿ ಬಂದವರೆಲ್ಲರ ಮೇಲೆ ಬೀಳುತ್ತದೆ. ಹೇಜಿಂಗ್ ಸೇರಬೇಕೆಂದು ತಾನಾಗಿ ಬಂದವನ ಮೇಲೆ. 'ಬೇಡವಾದರೆ ಎದ್ದು ಹೋಗಬಹುದಿತ್ತಲ್ಲ' ಎನ್ನುವ ವಾದ ಅದಕ್ಕೇ ಹುಟ್ಟುತ್ತದೆ. ಕಾನೂನು ಆ ವಾದ ಒಪ್ಪುವುದಿಲ್ಲ. ಟೆಕ್ಸಾಸಿನಲ್ಲಿ ಒಪ್ಪಿಗೆ ಇತ್ತು ಎಂಬುದು ಸಮರ್ಥನೆಯೇ ಅಲ್ಲ. 2024ರ ಡಿಸೆಂಬರಿನಲ್ಲಿ ಬಂದ ಕೇಂದ್ರದ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಕಾಯ್ದೆಯ ವ್ಯಾಖ್ಯಾನವೂ ಪಾಲ್ಗೊಳ್ಳುವವನ ಇಚ್ಛೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಸಾವುಗಳ ಮಾದರಿ ಒಂದೇ ತೆರನಾದದ್ದು. ಬಿಡ್ ಕೊಟ್ಟ ರಾತ್ರಿ, 'ಬಿಗ್-ಲಿಟಲ್' ರಾತ್ರಿ, ದೀಕ್ಷೆಯ ವಾರ. ಬಿಗ್ ಎಂದರೆ ಹೊಸಬನಿಗೆ ಅಣ್ಣನಾಗಿ ನೇಮಿಸಿದ ಹಳಬ. ಅವನು ಒಂದು ಬಾಟಲಿ ಕೈಗಿಟ್ಟು ಖಾಲಿ ಮಾಡಲು ಹೇಳುತ್ತಾನೆ. ಬೀರು ಕುಡಿದವನು ವಾಂತಿ ಮಾಡಿಕೊಂಡು ಮಲಗುತ್ತಾನೆ. ಒಂದು ಗಂಟೆಯಲ್ಲಿ ಮುಕ್ಕಾಲು ಲೀಟರ್ ವಿಸ್ಕಿ ಇಳಿಸಿದವನ ರಕ್ತದಲ್ಲಿ ಮದ್ಯದ ಮಟ್ಟ ಅವನು ಮಲಗಿದ ಮೇಲೂ ಏರುತ್ತಲೇ ಹೋಗುತ್ತದೆ, ಉಸಿರು ನಿಧಾನವಾಗುತ್ತದೆ. 'ನಿದ್ದೆ ಮಾಡಲಿ ಬಿಡು, ಇಳಿಯುತ್ತೆ' ಎನ್ನುವುದೇ ಕೊಲ್ಲುವ ಮಾತು. 2017ರ ಫೆಬ್ರುವರಿಯಲ್ಲಿ ಪೆನ್ ಸ್ಟೇಟ್‌ನ ಬೀಟಾ ಥೀಟಾ ಪೈ ಮನೆಯಲ್ಲಿ ಮೆಟ್ಟಿಲಿನಿಂದ ಬಿದ್ದ ಹೊಸ ಸದಸ್ಯನಿಗೆ ಆಂಬುಲೆನ್ಸ್ ಕರೆಯಲು ಹೆಚ್ಚುಕಡಿಮೆ 12 ಗಂಟೆ ಹಿಡಿಯಿತು. ಮನೆಯ ಕ್ಯಾಮೆರಾಗಳಲ್ಲಿ ಎಲ್ಲವೂ ದಾಖಲಾಗಿತ್ತು. ಮರುವರ್ಷ ಪೆನ್ಸಿಲ್ವೇನಿಯಾ ಆ ವಿದ್ಯಾರ್ಥಿಯ ಹೆಸರಿನಲ್ಲೇ ಕಾಯ್ದೆ ತಂದಿತು. ಅದೇ 2017ರಲ್ಲಿ ಲೂಸಿಯಾನಾ ಸ್ಟೇಟ್‌ನಲ್ಲಿ, 2021ರಲ್ಲಿ ಒಹಾಯೋದ ಬೌಲಿಂಗ್ ಗ್ರೀನ್‌ನಲ್ಲಿ ಇಂಥವೇ ಸಾವುಗಳಾಗಿ ಆ ರಾಜ್ಯಗಳೂ ಕಾನೂನು ಬಿಗಿ ಮಾಡಿದವು.

ಸಂಘಟನೆಗಳು ಸುಮ್ಮನೆ ಕೂತಿಲ್ಲ ಎನ್ನುವುದನ್ನೂ ಹೇಳಬೇಕು. ಜೀಟಾ ಬೀಟಾ ಟೌ 1989ರಲ್ಲೇ ಪ್ಲೆಡ್ಜ್ ಪದ್ಧತಿ ಕೈಬಿಟ್ಟಿತು, ಸಿಗ್ಮಾ ಆಲ್ಫಾ ಎಪ್ಸಿಲಾನ್ 2014ರಲ್ಲಿ. ಫೈ ಡೆಲ್ಟಾ ಥೀಟಾ 2000ದಿಂದ ಮನೆಗಳಲ್ಲಿ ಮದ್ಯವನ್ನೇ ನಿಷೇಧಿಸಿದೆ. ನಾರ್ತ್ ಅಮೆರಿಕನ್ ಇಂಟರ್‌ಫ್ರಟರ್ನಿಟಿ ಕಾನ್ಫರೆನ್ಸಿನ ಸದಸ್ಯ ಸಂಘಗಳ ಮನೆಗಳಲ್ಲಿ 2019ರ ಸೆಪ್ಟೆಂಬರಿನಿಂದ ಶೇ. 15ಕ್ಕಿಂತ ಹೆಚ್ಚು ಆಲ್ಕೋಹಾಲ್ ಇರುವ ಪಾನೀಯವನ್ನು ಪರವಾನಗಿ ಇರುವ ಹೊರಗಿನ ಮಾರಾಟಗಾರ ಬಡಿಸಿದರೆ ಮಾತ್ರ ಸರಿ. ನಿಯಮ ಚೆನ್ನಾಗಿದೆ, ಪಾಲಿಸುವವರು ಚಾಪ್ಟರಿನ ಹುಡುಗರು. ಲೂಸಿಯಾನಾದ ಸಾವು ನಡೆದದ್ದು ಮದ್ಯ ನಿಷೇಧಿಸಿದ ಫೈ ಡೆಲ್ಟಾ ಥೀಟಾದ ಮನೆಯಲ್ಲೇ.

ಹೊಸ ಕೇಂದ್ರ ಕಾಯ್ದೆಯಿಂದ ಗಿರಾಕಿಗೆ ಒಂದು ಒಳ್ಳೆಯ ಆಯುಧ ಸಿಕ್ಕಿದೆ. ಕಾಲೇಜುಗಳು ಹೇಜಿಂಗ್ ಪಾರದರ್ಶಕತಾ ವರದಿಯನ್ನು ತಮ್ಮ ವೆಬ್‌ಸೈಟಿನಲ್ಲಿ ಹಾಕಿ, ವರ್ಷಕ್ಕೆ ಕನಿಷ್ಠ ಎರಡು ಸಲ ನವೀಕರಿಸಿ, ಐದು ವರ್ಷ ಉಳಿಸಬೇಕು. ಸಂಘದ ಹೆಸರು, ಏನು ಮಾಡಿದರು, ಯಾವಾಗ, ಯಾವ ಶಿಕ್ಷೆ, ಎಲ್ಲವೂ ಅದರಲ್ಲಿರಬೇಕು. ಕಾಲೇಜಿನ ಹೆಸರಿನ ಜೊತೆ 'ಹೇಜಿಂಗ್ ಟ್ರಾನ್ಸ್‌ಪರೆನ್ಸಿ ರಿಪೋರ್ಟ್' ಎಂದು ಹುಡುಕಿದರೆ ಸಿಗುತ್ತದೆ. ಒಂದು ತೂತು ಮಾತ್ರ ಇದೆ: ಆ ವರದಿಗೆ ಬರುವುದು ಕಾಲೇಜು ಮಾನ್ಯ ಮಾಡಿದ ಸಂಘಗಳು. ಮಾನ್ಯತೆ ಕಳೆದುಕೊಂಡ ಮೇಲೂ ಹೊರಗೆ ಬಾಡಿಗೆ ಮನೆ ಹಿಡಿದು, ಅದೇ ಹುಡುಗರು, ಬೇರೆ ಹೆಸರಿನಲ್ಲಿ ಬಿಡ್ ಕೊಡುವುದು ನಡೆಯುತ್ತದೆ. ಅಂಥ ಗುಂಪಿನ ಹೆಸರು ವರದಿಯಲ್ಲಿ ಕಾಣದಿರುವುದನ್ನು ಶುದ್ಧ ದಾಖಲೆ ಎಂದು ತಿಳಿಯಬಾರದು. ಮೊದಲು ಮಾನ್ಯ ಸಂಘಗಳ ಪಟ್ಟಿಯಲ್ಲಿ ಹೆಸರಿದೆಯೇ ನೋಡಿ, ಆಮೇಲೆ ವರದಿ ತೆರೆಯಿರಿ. ಪಟ್ಟಿಯಲ್ಲೇ ಇಲ್ಲದ ಸಂಘಕ್ಕೆ ನಮ್ಮದು ಸೊನ್ನೆ ಅಂಕ, ಚರ್ಚೆಯೇ ಇಲ್ಲ.

ವಿಮೆಯ ಮಾತೂ ಇಲ್ಲಿಯೇ ಬರುತ್ತದೆ. ಬಿಲ್ಲಿನಲ್ಲಿ ವಿಮೆಯ ಕಂತು ಕಟ್ಟುತ್ತೀರಿ ನಿಜ, ಆದರೆ ಆ ಪಾಲಿಸಿಗಳು ಸಾಮಾನ್ಯವಾಗಿ ರಾಷ್ಟ್ರೀಯ ನಿಯಮ ಮುರಿದ ಸದಸ್ಯನನ್ನು ಕಾಪಾಡುವುದಿಲ್ಲ. ಹೇಜಿಂಗ್ ಮೊಕದ್ದಮೆಯಲ್ಲಿ ಅಲ್ಲಿದ್ದ ಹುಡುಗರ ಹೆಸರನ್ನೂ ಒಬ್ಬೊಬ್ಬರನ್ನಾಗಿ ಸೇರಿಸುತ್ತಾರೆ. ಅಮೆರಿಕನ್ ಕುಟುಂಬಗಳು ಆಗ ತಮ್ಮ ಮನೆಯ ವಿಮೆಯತ್ತ ಓಡುತ್ತವೆ; ದಾವಣಗೆರೆಯಲ್ಲಿರುವ ಅಪ್ಪನಿಗೆ ಅಂಥದ್ದೊಂದು ಇಲ್ಲ. ಸುಮ್ಮನೆ ನಿಂತು ನೋಡಿದವನೂ ವಕೀಲರ ಖರ್ಚು ಹೊರಬೇಕಾಗಬಹುದು.

ಎಫ್-1 ವೀಸಾದವರು ಗಮನಿಸಬೇಕಾದದ್ದು

ಫ್ರಟರ್ನಿಟಿ ಸೇರಲು ಈ ವಿದ್ಯಾರ್ಥಿ ವೀಸಾ ಅಡ್ಡಿಯಲ್ಲ. ತೊಡಕು ಬರುವುದು ಬೇರೆ ದಾರಿಯಿಂದ. ಹೌಸ್ ಮ್ಯಾನೇಜರ್ ಆದವನಿಗೆ ಬಾಡಿಗೆ ಮಾಫಿ, ಅಡುಗೆಮನೆಯಲ್ಲಿ ಪಾತ್ರೆ ತೊಳೆದವನಿಗೆ ಊಟ ಉಚಿತ, ಖಜಾಂಚಿಗೆ ಡ್ಯೂಸಿನಲ್ಲಿ ರಿಯಾಯಿತಿ: ಇವು ಚಾಪ್ಟರುಗಳಲ್ಲಿ ದಿನನಿತ್ಯದ ವ್ಯವಹಾರ. ನಗದು ಕೈಗೆ ಬರದಿದ್ದರೂ ದುಡಿಮೆಗೆ ಪ್ರತಿಫಲ ಸಿಕ್ಕಿತೆಂದರೆ ವಲಸೆ ಕಾನೂನು ಅದನ್ನು ಉದ್ಯೋಗ ಎಂದು ನೋಡಬಹುದು. ಖಾಸಗಿ ಹೌಸ್ ಕಾರ್ಪೊರೇಷನ್ನಿನ ಮನೆ ಕ್ಯಾಂಪಸ್ ಒಳಗಿನ ಕೆಲಸಕ್ಕೆ ಇರುವ ವಾರಕ್ಕೆ 20 ಗಂಟೆಯ ರಿಯಾಯಿತಿಗೆ ಒಳಪಡುತ್ತದೆಂದು ಊಹಿಸಬೇಡಿ. ಅನುಮತಿಯಿಲ್ಲದ ಕೆಲಸ ಎಂದಾದರೆ ವಿದ್ಯಾರ್ಥಿ ಸ್ಥಾನಮಾನವೇ ಹೋಗುತ್ತದೆ. ಇಂಥ ಹುದ್ದೆ ಒಪ್ಪಿಕೊಳ್ಳುವ ಮುಂಚೆ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಗೆ ಇಮೇಲ್ ಮಾಡಿ, ಉತ್ತರವನ್ನು ಬರಹದಲ್ಲೇ ಪಡೆದು ಇಟ್ಟುಕೊಳ್ಳಿ. ಪ್ರತಿಫಲ ಇಲ್ಲದ ಹುದ್ದೆಗಳಿಗೆ ಈ ತಲೆನೋವಿಲ್ಲ.

ಇನ್ನೊಂದು, ಕುಡಿತ. 1984ರ ಕೇಂದ್ರ ಕಾಯ್ದೆಯ ಒತ್ತಡದಿಂದ ಎಲ್ಲ ರಾಜ್ಯಗಳಲ್ಲೂ ಮದ್ಯಕ್ಕೆ 21 ವರ್ಷ ಆಗಿರಬೇಕು, ಚಾಪ್ಟರಿನ ಮುಕ್ಕಾಲು ಪಾಲು ಅದಕ್ಕಿಂತ ಚಿಕ್ಕವರು. ನಕಲಿ ಐಡಿ ಅಲ್ಲಿನ ಹುಡುಗನಿಗೆ ದಂಡ ಕಟ್ಟಿ ಮುಗಿಯುವ ತಪ್ಪಾಗಬಹುದು, ವೀಸಾದವನಿಗೆ ಮುಂದಿನ ಪ್ರತಿ ಅರ್ಜಿಯಲ್ಲೂ ಉತ್ತರ ಕೊಡಬೇಕಾದ ಪ್ರಶ್ನೆ. ಕುಡಿದು ಗಾಡಿ ಓಡಿಸಿ ಸಿಕ್ಕಿಬಿದ್ದರೆ ನ್ಯಾಯಾಲಯದ ತೀರ್ಪಿಗೂ ಮುಂಚೆ, ಬಂಧನದ ಆಧಾರದ ಮೇಲೆಯೇ ವೀಸಾ ರದ್ದು ಮಾಡುವ ಅಧಿಕಾರ ವಿದೇಶಾಂಗ ಇಲಾಖೆಗೆ ಇದೆ. ಪಾರ್ಟಿಯಲ್ಲಿ ಕುಡಿಯದೆ ಕಾವಲಿರುವ 'ಸೋಬರ್ ಮಾನಿಟರ್' ಕೆಲಸವನ್ನು ಎಫ್-1 ಹುಡುಗರು ಬೇಡಿ ಪಡೆಯುವುದುಂಟು. ಬುದ್ಧಿವಂತಿಕೆಯ ಆಯ್ಕೆಯೇ, ಆದರೆ ಅವಘಡವಾದರೆ ಮೊದಲ ಪ್ರಶ್ನೆ ಕಾವಲಿದ್ದವನಿಗೇ ಬರುತ್ತದೆ. ಆಂಬುಲೆನ್ಸಿಗೆ 911 ಕರೆ ಮಾಡಿದವನಿಗೆ ಬಹುತೇಕ ರಾಜ್ಯಗಳಲ್ಲಿ ಕಾನೂನಿನ ರಕ್ಷಣೆ ಇದೆ. ಅಧ್ಯಕ್ಷನ ಅಪ್ಪಣೆಗೆ ಕಾಯಬೇಕಿಲ್ಲ.

ದೇಸಿ ಸಂಘಗಳ ಲೆಕ್ಕ ಸ್ವಲ್ಪ ಬೇರೆ

1990ರ ದಶಕದಲ್ಲಿ ದಕ್ಷಿಣ ಏಷ್ಯಾದ ಮಕ್ಕಳೇ ಕಟ್ಟಿಕೊಂಡ ಸಂಘಗಳಿವೆ. 1994ರಲ್ಲಿ ಬಿಂಗ್‌ಹ್ಯಾಮ್ಟನ್‌ನಲ್ಲಿ ಅಯೋಟಾ ನು ಡೆಲ್ಟಾ, 1996ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ ಸಿಗ್ಮಾ ಬೀಟಾ ರೋ, 1998ರಲ್ಲಿ ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯದಲ್ಲಿ ಡೆಲ್ಟಾ ಎಪ್ಸಿಲಾನ್ ಸೈ, 1999ರಲ್ಲಿ ಯು.ಸಿ.ಎಲ್.ಎ.ಯಲ್ಲಿ ಬೀಟಾ ಕೈ ಥೀಟಾ. ಹುಡುಗಿಯರಿಗೆ 1998 ಒಂದೇ ವರ್ಷದಲ್ಲಿ ಮೂರು: ಆಸ್ಟಿನ್‌ನಲ್ಲಿ ಕಪ್ಪಾ ಫೈ ಗಾಮಾ, ಹ್ಯೂಸ್ಟನ್‌ನಲ್ಲಿ ಡೆಲ್ಟಾ ಫೈ ಒಮೆಗಾ, ನ್ಯೂಯಾರ್ಕಿನ ಸೇಂಟ್ ಜಾನ್ಸ್‌ನಲ್ಲಿ ಸಿಗ್ಮಾ ಸಿಗ್ಮಾ ರೋ.

ಇವುಗಳಿಗೆ ಸಾಮಾನ್ಯವಾಗಿ ದೊಡ್ಡ ಮನೆ ಇಲ್ಲ, ಹಾಗಾಗಿ ಬಿಲ್ ಹಗುರ. ಚಾಪ್ಟರ್ ಸಣ್ಣದು, ಹತ್ತು ಹದಿನೈದು ಜನರಲ್ಲಿ ಎಲ್ಲರಿಗೂ ಏನಾದರೂ ಹೊಣೆ ಇದ್ದೇ ಇರುತ್ತದೆ, ಕೆಲಸ ಕಲಿಯಲು ಇದು ದೊಡ್ಡ ಮನೆಗಿಂತ ಒಳ್ಳೆಯ ಜಾಗ. ಸೇರುವ ರೀತಿ ಕರಿಯರ ಸಂಘಗಳಿಂದ ಬಂದದ್ದು: ಹೊಸಬರ ಗುಂಪಿಗೆ 'ಲೈನ್' ಎನ್ನುತ್ತಾರೆ, ದೀಕ್ಷೆಗೆ 'ಕ್ರಾಸಿಂಗ್', ಸಾಲಿನಲ್ಲಿ ನಿಂತ ಕ್ರಮಕ್ಕೆ ಒಂದು ಸಂಖ್ಯೆ, ಜೊತೆಗೊಂದು ಅಡ್ಡಹೆಸರು, ಕೊನೆಗೆ ಕ್ಯಾಂಪಸ್ಸಿನಲ್ಲಿ ಮುಖವಾಡ ತೆಗೆದು ಹೊಸಬರನ್ನು ಪರಿಚಯಿಸುವ ಕವಾಯತು. ತೊಡಕು ಏನೆಂದರೆ ಈ ಸೇರ್ಪಡೆ ಗುಟ್ಟಾಗಿ ನಡೆಯುತ್ತದೆ. ತಿಂಗಳಾನುಗಟ್ಟಲೆ ಹುಡುಗ ಎಲ್ಲಿಗೆ ಹೋಗುತ್ತಾನೆಂದು ರೂಮ್‌ಮೇಟಿಗೂ ಹೇಳುವಂತಿಲ್ಲ ಎಂದಾಗ ಎಚ್ಚರ ಬೇಕು. ಇಲ್ಲಿ ಅಪಾಯ ಬಾಟಲಿಗಿಂತ ಮೈಮೇಲಿನ ಏಟಿನದ್ದು, ನಿದ್ದೆಗೆಡಿಸುವುದರದ್ದು. 2013ರ ಡಿಸೆಂಬರಿನಲ್ಲಿ ಏಷ್ಯನ್ ಸಂಘವಾದ ಪೈ ಡೆಲ್ಟಾ ಸೈ ಪೆನ್ಸಿಲ್ವೇನಿಯಾದ ಪೊಕೊನೊ ಬೆಟ್ಟಗಳಿಗೆ ಕರೆದೊಯ್ದ ಬರೂಕ್ ಕಾಲೇಜಿನ ಮೊದಲ ವರ್ಷದ ವಿದ್ಯಾರ್ಥಿ, ಕಣ್ಣು ಕಟ್ಟಿ ಬೆನ್ನ ಮೇಲೆ ಭಾರ ಹೊರಿಸಿ ಕೆಡವುವ ಆಚರಣೆಯಲ್ಲಿ ಸತ್ತ. 2018ರಲ್ಲಿ ನ್ಯಾಯಾಲಯ ಆ ರಾಷ್ಟ್ರೀಯ ಸಂಘಟನೆಯನ್ನೇ ಪೆನ್ಸಿಲ್ವೇನಿಯಾದಿಂದ 10 ವರ್ಷ ಹೊರಹಾಕಿತು. ನಮ್ಮವರೇ ಇದ್ದಾರೆ ಎಂಬ ಭರವಸೆಯೊಂದೇ ಸಾಲದು, ಜಿ.ಪಿ.ಎ. ಪಟ್ಟಿ, ವರದಿ, ಮಾನ್ಯತೆ ಇಲ್ಲಿಯೂ ನೋಡಲೇಬೇಕು. ಬರೀ ದೇಸಿ ಗೆಳೆತನ, ಹಬ್ಬ, ನೃತ್ಯ ಬೇಕಿದ್ದರೆ ಕ್ಯಾಂಪಸ್ಸಿನ ಭಾರತೀಯ ವಿದ್ಯಾರ್ಥಿ ಸಂಘಕ್ಕೆ ಹತ್ತಿಪ್ಪತ್ತು ಡಾಲರ್ ಕೊಟ್ಟರೆ ಮುಗಿಯಿತು. ಊರಿನ ಕನ್ನಡ ಕೂಟದ ಯುಗಾದಿ ಊಟಕ್ಕೆ ದೀಕ್ಷೆ ಬೇಕಿಲ್ಲ.

ಎಂ.ಎಸ್. ವಿದ್ಯಾರ್ಥಿಗಳಿಗೆ ಬರುವ 'ನೀವು ಆಯ್ಕೆಯಾಗಿದ್ದೀರಿ' ಎಂಬ ಇಮೇಲಿನ ವಿಷಯ. ಹೆಸರು ಗ್ರೀಕ್ ಆದರೂ ಇವು ಗೌರವ ಸಂಘಗಳು: ಮನೆ ಇಲ್ಲ, ಪಾರ್ಟಿ ಇಲ್ಲ, ಒಮ್ಮೆ ಶುಲ್ಕ ಕಟ್ಟಿದರೆ ಸರಿ. ಬೆಲೆ ಇರುವವು ಇವೆ. ಎಂಜಿನಿಯರಿಂಗಿನಲ್ಲಿ 1885ರಲ್ಲಿ ಲೀಹೈ ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ಟೌ ಬೀಟಾ ಪೈ, ಪದವಿಯ ಮೂರನೆಯ ವರ್ಷದವರಲ್ಲಿ ಮೇಲಿನ ಎಂಟನೆಯ ಒಂದು ಪಾಲು, ಕೊನೆಯ ವರ್ಷದವರಲ್ಲಿ ಐದನೆಯ ಒಂದು ಪಾಲಿನಲ್ಲಿದ್ದರೆ ಮಾತ್ರ ಪರಿಗಣಿಸುತ್ತದೆ. ಎಲೆಕ್ಟ್ರಿಕಲ್, ಕಂಪ್ಯೂಟರ್ ವಿಭಾಗದವರಿಗೆ 1904ರ ಈಟಾ ಕಪ್ಪಾ ನು ಇದೆ. ಫೈ ಬೀಟಾ ಕಪ್ಪಾ ಮುನ್ನೂರಕ್ಕೂ ಕಡಿಮೆ ಕ್ಯಾಂಪಸ್ಸುಗಳಲ್ಲಿದ್ದು ಕಲೆ, ವಿಜ್ಞಾನ ಓದುವವರಿಗೆ ಮೀಸಲು. ಬೆಲೆ ಇಲ್ಲದವು ಇನ್ನೂ ಹೆಚ್ಚು. ಗುರುತಿಸುವುದು ಸುಲಭ: ನಿಮ್ಮ ವಿಭಾಗದ ಪ್ರೊಫೆಸರ್ ಒಬ್ಬರು ಸಲಹೆಗಾರರಾಗಿದ್ದಾರೆಯೇ, ಕ್ಯಾಂಪಸ್ಸಿನಲ್ಲಿ ಚಾಪ್ಟರ್ ಇದೆಯೇ, 1925ರಿಂದ ಇಂಥ ಸಂಘಗಳಿಗೆ ಮಾನದಂಡ ಹಾಕುತ್ತಿರುವ ಅಸೋಸಿಯೇಷನ್ ಆಫ್ ಕಾಲೇಜ್ ಆನರ್ ಸೊಸೈಟೀಸ್ ಪಟ್ಟಿಯಲ್ಲಿ ಹೆಸರಿದೆಯೇ. ಟೌ ಬೀಟಾ ಪೈ, ಫೈ ಬೀಟಾ ಕಪ್ಪಾ ಆ ಪಟ್ಟಿಯ ಹೊರಗಿದ್ದೂ ದೊಡ್ಡವೇ, ಆದ್ದರಿಂದ ಪಟ್ಟಿಯೊಂದನ್ನೇ ನಂಬಬೇಡಿ. ಮೂರಕ್ಕೂ 'ಇಲ್ಲ' ಎಂಬ ಉತ್ತರ ಬಂದು, ಶುಲ್ಕ ಕಟ್ಟಲು ಮೂರು ದಿನದ ಗಡುವು ಮಾತ್ರ ದಪ್ಪಕ್ಷರದಲ್ಲಿದ್ದರೆ ಆ ಇಮೇಲನ್ನು ಅಳಿಸಿಬಿಡಿ.

ಸೇರಿದ ಮೇಲೆ ಬಿಡುವುದು ಹೇಗೆ ಎಂದು ರಶ್ ಸಮಯದಲ್ಲಿ ಯಾರೂ ಹೇಳುವುದಿಲ್ಲ. ದೀಕ್ಷೆಗೆ ಮುಂಚೆ ಚಾಪ್ಟರಿನ ಅಧ್ಯಕ್ಷರಿಗೂ ವಿಶ್ವವಿದ್ಯಾಲಯದ ಫ್ರಟರ್ನಿಟಿ ಕಚೇರಿಗೂ ಒಂದೇ ಇಮೇಲಿನಲ್ಲಿ 'ಇಂದಿನಿಂದ ಹಿಂದೆ ಸರಿಯುತ್ತಿದ್ದೇನೆ' ಎಂದು ದಿನಾಂಕ ಹಾಕಿ ಬರೆದರೆ ಸಾಕು. ಎದುರು ಕೂತು ಕಾರಣ ಹೇಳಬೇಕೆಂದು ಕರೆದರೆ ಹೋಗಬೇಕಿಲ್ಲ. ದೀಕ್ಷೆಯಾದ ಮೇಲೆ ರಾಷ್ಟ್ರೀಯ ಕಚೇರಿಗೆ ರಾಜೀನಾಮೆ ಹೋಗಬೇಕು, ಕೆಲವು ಸಂಘಗಳು ಬ್ಯಾಡ್ಜನ್ನೂ ವಾಪಸ್ ಕೇಳುತ್ತವೆ. ಅಂದಿನವರೆಗಿನ ಬಾಕಿ ತೀರಿಸಿ, ಖಾತೆಯಲ್ಲಿ ಏನೂ ಉಳಿದಿಲ್ಲ ಎಂಬ ಪತ್ರ ಪಡೆದು, ಬಿಲ್ಲಿಂಗ್ ತಾಣದಲ್ಲಿ ತನ್ನಷ್ಟಕ್ಕೆ ದುಡ್ಡು ಕಡಿತವಾಗುವ ವ್ಯವಸ್ಥೆ ನಿಲ್ಲಿಸಿ. ಮನೆಯ ಕರಾರು ಮಾತ್ರ ಹೌಸ್ ಕಾರ್ಪೊರೇಷನ್ನಿನ ಜೊತೆಗಿನದ್ದು, ಸದಸ್ಯತ್ವದ ಜೊತೆ ಅದು ಮುಗಿಯುವುದಿಲ್ಲ. ಬದಲಿಗೆ ಇನ್ನೊಬ್ಬ ಬಾಡಿಗೆದಾರ ಸಿಗದಿದ್ದರೆ ಮೇ ತಿಂಗಳವರೆಗೂ ಬಾಡಿಗೆ ಬರುತ್ತಲೇ ಇರುತ್ತದೆ.